ಎರೆಗೋಟೆಯ ಕೆರೆ ಮತ್ತು ಲಚ್ಚಲದೇವಿಯ ಒಗಟುಗಳು

ಎರೆಗೋಟೆಯ ಅರಸ ಬಿಜ್ಜಣನ ಡಂಗುರದವರು ಸಂತೆಯ ನಡುವೆ ನಿಂತು ಸಾರಿದರು: "ಅರಸುಮಗಳು ಲಚ್ಚಲದೇವಿ ತುಂಬಿದ ಸಭೆಯಲ್ಲಿ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳ ಕೈ, ಅವಳ ಜೊತೆ ಆಳ್ವಿಕೆಯಲ್ಲಿ ಪಾಲು. ಒಂದು ತಪ್ಪಿದರೂ ತಲೆ ಹೋಗುತ್ತದೆ. ಕುಲ ಕೇಳುವುದಿಲ್ಲ, ಸಿರಿ ಕೇಳುವುದಿಲ್ಲ."

ಒಗಟು ಮಗಳದು, ತಲೆಯ ಷರತ್ತು ಅಪ್ಪನದು. ಕಂಡಕಂಡವರೆಲ್ಲ ಅಳಿಯನಾಗಲು ಬರುವುದು ಅವನಿಗೆ ಬೇಕಿರಲಿಲ್ಲ. ಸೋತವರನ್ನು ಸೆರೆಯಲ್ಲಿಟ್ಟು, ಮಳೆಗಾಲ ಕಳೆದ ಮೇಲೆ ಶಿಕ್ಷೆ ಕೊಡುವುದೆಂದು ತೀರ್ಮಾನವಾಯಿತು.

ಮೊದಲ ದಿನ ನೆರೆನಾಡಿನ ಅರಸುಕುವರನೊಬ್ಬ ಬಂದ. ಲಚ್ಚಲದೇವಿ ದನಿ ಏರಿಸದೆ ಕೇಳಿದಳು: "ಒಬ್ಬ ಕಳ್ಳ ಮನೆಯಿಂದ ಏನನ್ನೂ ಒಯ್ಯುವುದಿಲ್ಲ, ತನ್ನದನ್ನೇ ತಂದಿಡುತ್ತಾನೆ. ಆದರೂ ಮನೆಯವರು ವರ್ಷದಿಂದ ವರ್ಷಕ್ಕೆ ಬಡವರಾಗುತ್ತಾರೆ. ಅವನು ಯಾರು? ಒಂದು ಬಾಗಿಲು ತೆರೆದಿದ್ದರೆ ಮನೆಯ ಸೊತ್ತು ಸ್ವಲ್ಪ ಹೊರಗೆ ಹೋಗುತ್ತದೆ, ಮುಚ್ಚಿದರೆ ಮನೆಯೇ ಹೋಗುತ್ತದೆ. ಆ ಬಾಗಿಲು ಯಾವುದು? ಒಬ್ಬ ಅತಿಥಿ ಬರುವುದು ಖಂಡಿತ, ಬರುವ ದಿನ ಮಾತ್ರ ಗೊತ್ತಿಲ್ಲ. ಅವನ ಪಾಲನ್ನು ನಾವು ಉಂಡುಬಿಟ್ಟರೆ, ಬಂದ ದಿನ ಅವನು ನಮ್ಮನ್ನೇ ಉಣ್ಣುತ್ತಾನೆ. ಅವನು ಯಾರು?"

ಅರಸುಕುವರ ಕಳ್ಳನೆಂದರೆ ಮನೆ ಅಳಿಯ ಎಂದ. ಸಭೆ ನಕ್ಕಿತು. ಕಾವಲಿನವರು ಅವನನ್ನು ಕರೆದೊಯ್ದಾಗ ನಗು ನಿಂತಿತು. ಮರುದಿನ ಬಂದ ಪಂಡಿತನೊಬ್ಬ ಅದು ಮುಪ್ಪು ಎಂದು ಹೇಳಿ ಅದೇ ಸೆರೆಗೆ ಹೋದ.

ಆಮೇಲೆ ಬಂದವನು ಮಂತ್ರಿಯ ಮಗ ನಾಗದೇವ. ಕಳ್ಳನೆಂದರೆ ಕೆರೆಯ ಹೂಳು ಎಂದು ಅವನು ತಡವರಿಸದೆ ಹೇಳಿದ. ಎರಡನೆಯದಕ್ಕೆ ಬಾಯಿ ತೆರೆದವನು ಒಮ್ಮೆ ಅರಸನ ಮುಖ ನೋಡಿದ, ಆಮೇಲೆ ಕೋಟೆಯ ಬಾಗಿಲು ಎಂದ. ಅತಿಥಿಯೆಂದರೆ ಸಾವು ಎಂದ. ಅವನನ್ನೂ ಕರೆದೊಯ್ದರು. ಅವನ ತಂದೆ ಕುಳಿತಲ್ಲಿಂದ ಏಳಲಿಲ್ಲ.

ಸಭೆಯ ಹಿಂದೆ, ಹೆಗಲ ಮೇಲೆ ಕಂಬಳಿಗಳ ಹೊರೆ ಹೊತ್ತ ಸಂಕಣ್ಣ ನಿಂತಿದ್ದ. ಕಂಬಳಿ ನೇಯ್ದು ಊರೂರು ಸುತ್ತಿ ಮಾರುವವನು. ಬಾಗಿಲಿನ ಒಗಟು ಕಿವಿಗೆ ಬಿದ್ದಾಗಲೇ ಅವನಿಗೆ ಅರ್ಥವಾಗಿತ್ತು. ಅವನ ಊರು ಹಾಲುಗುಡಿ. ಅಲ್ಲಿಯವರು ಇನ್ನಷ್ಟು ನೀರು ನಿಲ್ಲಲೆಂದು ಕೆರೆಯ ಕೋಡಿಗೆ, ಅಂದರೆ ತುಂಬಿದ ನೀರು ಹರಿದುಹೋಗುವ ದಾರಿಗೆ, ಅಡ್ಡ ಕಟ್ಟಿದ್ದರು. ಒಂದು ದೊಡ್ಡ ಮಳೆಗೆ ಏರಿ ಒಡೆಯಿತು. ಅಪ್ಪ ಮತ್ತು ತಂಗಿ ನೀರುಪಾಲಾದರು. ಉಳಿದವರು ಅವನು ಮತ್ತು ತಾಯಿ.

ಎರೆಗೋಟೆಯ ಕೋಡಿಗೂ ಅಂಥದೇ ಗೋಡೆ ಇತ್ತು. ಅದನ್ನು ಕಟ್ಟಿಸಿದವನು ಬಿಜ್ಜಣನೇ. ಹೆಚ್ಚು ನೀರು, ಹೆಚ್ಚು ಗದ್ದೆ ಎಂದು ಊರೆಲ್ಲ ಅವನನ್ನು ಹೊಗಳಿತ್ತು. ಸರಿಯಾದ ಉತ್ತರ ಹೇಳುವುದೆಂದರೆ ಅರಸನ ಮೇಲೆ ತಪ್ಪು ಹೊರಿಸುವುದೇ ಆಗಿತ್ತು. ಸಂಕಣ್ಣ ಹೊರಟುಹೋಗೋಣವೆಂದುಕೊಂಡು ಕೆರೆಯ ಏರಿಯ ಮೇಲೆ ನಡೆದ. ನೀರು ಏರಿಯ ತಲೆಗೆ ಗೇಣು ದೂರದಲ್ಲಿತ್ತು. ಏರಿಯ ಕೆಳಗೆ ಕುಂಬಾರರ ಕೇರಿ. ಅಲ್ಲೊಬ್ಬಳು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಅವನು ಅಲ್ಲಿಂದ ನೇರ ಸಭೆಗೆ ಹಿಂದಿರುಗಿ, ಒಗಟು ಬಿಡಿಸುತ್ತೇನೆಂದು ನಿಂತ.

ಲಚ್ಚಲದೇವಿ ಒಗಟುಗಳನ್ನು ಮತ್ತೆ ಹೇಳಿದಳು. ಮೊದಲನೆಯದಕ್ಕೆ ಮಂತ್ರಿಯ ಮಗ ಹೇಳಿದ್ದೇ ಸರಿ ಎಂದ ಸಂಕಣ್ಣ. ಹೂಳು ಮಳೆಯ ಜೊತೆ ಬಂದು ಕೂರುತ್ತದೆ, ಅದು ಕೂತಷ್ಟು ಜಾಗ ನೀರಿಗಿಲ್ಲ ಎಂದು ವಿವರಿಸಿದ.

"ಎರಡನೆಯದು?" ಎಂದಳು ಅವಳು.

"ಕೆರೆಯ ಕೋಡಿ."

ಬಿಜ್ಜಣ ಮುಂದಕ್ಕೆ ಬಾಗಿದ. "ನಾನು ಕಟ್ಟಿಸಿದ ಗೋಡೆ ಊರನ್ನು ಮುಳುಗಿಸುತ್ತದೆ ಅನ್ನುತ್ತೀಯಾ?"

"ಹೌದು ದೊರೆ. ನಮ್ಮೂರಲ್ಲಿ ಮುಳುಗಿಸಿತು. ಅಲ್ಲಿಯೂ ಕಟ್ಟಿದವರು ಒಳ್ಳೆಯದಕ್ಕೇ ಕಟ್ಟಿದ್ದರು."

ಲಚ್ಚಲದೇವಿ ಮೂರನೆಯದನ್ನು ಹೇಳು ಎಂದಳು. ಹಾಲುಗುಡಿ ಬಿಟ್ಟ ಮೇಲೆ ತಾಯಿಯೂ ತಾನೂ ಕುರಿಗಳ ಹಿಂದೆ ಅಲೆದ ಬಯಲುಗಳು ಸಂಕಣ್ಣನಿಗೆ ನೆನಪಾದವು. ಅಲ್ಲಿ ಬಾವಿಗಳ ತಳದಲ್ಲಿ ಬಿರುಕು ಮಾತ್ರ ಕಂಡಿತ್ತು.

"ಆ ಅತಿಥಿ ಮಳೆ ಬಾರದ ವರ್ಷ," ಎಂದ. "ಅವನ ಪಾಲಿನ ನೀರನ್ನು ಒಳ್ಳೆಯ ವರ್ಷದಲ್ಲಿ ಮುಟ್ಟಬಾರದು."

ಅರಸ ಮಗಳ ಕಡೆ ತಿರುಗಿದ. ಮೂರೂ ಸರಿ ಎಂದಳು. ಗೋಡೆಯ ವಿಷಯ ಅವಳು ಮನೆಯಲ್ಲಿ ಎಷ್ಟೋ ಸಲ ಎತ್ತಿದ್ದಳು, ಅವನು ಪ್ರತಿ ಸಲವೂ ಮಾತು ತಪ್ಪಿಸಿ ಊಟಕ್ಕೆ ಏಳುತ್ತಿದ್ದ. ಈಗ ಕೊಟ್ಟ ಮಾತು ತುಂಬಿದ ಸಭೆಯ ಮುಂದಿತ್ತು, ಉತ್ತರ ಒಪ್ಪಿದರೆ ಗೋಡೆ ತಪ್ಪೆಂದೂ ಒಪ್ಪಿದಂತೆ. ಬಿಜ್ಜಣ ಗೋಡೆ ಒಡೆಯಿರಿ ಎಂದ.

ಅಂದೇ ಒಡೆದರು. ನೀರು ಕೋಡಿಯ ಮೇಲೆ ಹರಿದು ಹಳ್ಳ ಸೇರಿತು. ಗದ್ದೆಯವರು ದಂಡೆಯಲ್ಲಿ ನಿಂತು, ಅಷ್ಟು ನೀರು ವ್ಯರ್ಥವಾಯಿತೆಂದು ಸಂಕಣ್ಣನನ್ನು ಬೈದರು. ಆ ವಾರವೇ ಹಿಂದೆಂದೂ ಕಾಣದ ಮಳೆ ಸುರಿಯಿತು. ಕೋಡಿ ಮೊರೆಯಿತು, ಏರಿ ನಿಂತಿತು. ಆಮೇಲೆ ಯಾರೂ ಬೈಯಲಿಲ್ಲ.

ಬಹುಮಾನವಾಗಿ ಇನ್ನೇನು ಬೇಕೆಂದು ಅರಸ ಕೇಳಿದಾಗ ಸಂಕಣ್ಣ ಸೆರೆಯಲ್ಲಿದ್ದವರನ್ನು ಬಿಡಿಸಿದ. ಹೊರಬಂದ ನಾಗದೇವ ಅವನ ಹತ್ತಿರ ಬಂದು, "ಕೋಡಿ ಅನ್ನುವುದು ನನಗೂ ಗೊತ್ತಿತ್ತು," ಎಂದ. ಸಂಕಣ್ಣ ಅದನ್ನು ಯಾರಿಗೂ ಹೇಳಲಿಲ್ಲ. ತಾಯಿಯನ್ನು ಕರೆಸಿಕೊಂಡ. ಮದುವೆಯಾಯಿತು. ಅವನೂ ಲಚ್ಚಲದೇವಿಯೂ ಪ್ರತಿ ಬೇಸಿಗೆ ಹೂಳು ಎತ್ತಿಸಿದರು. ಕೆರೆಯೊಳಗೊಂದು ಕಲ್ಲು ನೆಡಿಸಿ, ನೀರು ಅದರ ಬುಡಕ್ಕೆ ಇಳಿದರೆ ಗದ್ದೆಗೆ ಬಿಡಬಾರದೆಂದು ಕಟ್ಟುಮಾಡಿದರು. ಜನ ಗೊಣಗಿದರು, ಆದರೆ ಕಟ್ಟು ಮೀರಲಿಲ್ಲ.

ಕೆಲವು ವರ್ಷಗಳ ಮೇಲೆ ಮಳೆಯಿಲ್ಲದ ವರ್ಷ ಬಂತು. ಸುತ್ತಲ ನಾಡಿನವರು ಗಂಟುಮೂಟೆ ಕಟ್ಟಿ ಗುಳೆ ಹೊರಟರು. ಅವರಲ್ಲಿ ಎರೆಗೋಟೆಗೆ ಬಂದವರಿಗೆ ಲಚ್ಚಲದೇವಿ ಏರಿಯ ಮೇಲೆ ನಿಂತು ತಾನೇ ಕೊಡ ತುಂಬಿಸಿ ಕೊಟ್ಟಳು. ಊರಿನ ಗದ್ದೆಗಳು ಒಣಗಿದವು. ಆದರೂ ಕೆರೆಯಲ್ಲಿ ಕುಡಿಯುವ ನೀರು ಉಳಿದಿತ್ತು, ಮನೆಗಳಲ್ಲಿ ಒಲೆ ಉರಿಯಿತು. ಆ ವರ್ಷವೂ ಎರೆಗೋಟೆಯಲ್ಲಿ ಎಂದಿನಂತೆ ಮದುವೆಗಳು ನಡೆದವು.