ನಿಂಗವ್ವನಿಗಾಗಿ ದನಿಯ ಬಾಲ ಹುಡುಕಿದ ಮೌನೇಶಪ್ಪ

ಬಹಳ ಹಿಂದೆ, ಯಾವ ವರ್ಷವೆಂದು ಹೇಳಿದವರೂ ಹೇಳಲಿಲ್ಲ, ಕೇಳಿದವರೂ ಕೇಳಲಿಲ್ಲ, ಕಂಚಗಾರಕೊಪ್ಪವೆಂಬ ಒಂದೂರಿನಲ್ಲಿ ಮೌನೇಶಪ್ಪನೆಂಬವನಿದ್ದ. ಕಂಚು ಕರಗಿಸಿ ಗುಡಿಯ ಗಂಟೆ ಎರೆಯುವುದು ಮನೆತನದ ಕಸುಬು. ಆಂಪ್ಲಿಫೈಯರ್ ರಿಪೇರಿ ತಾನೇ ಕಲಿತದ್ದು. ಸತ್ತ ಪೆಟ್ಟಿಗೆಯೂ ಅವನ ಕೈ ಸೋಕಿದರೆ ಮಾತಾಡುತ್ತಿತ್ತು ಅಂತಾರೆ.

ಆ ಊರಿನ ಭಜನಾ ಮೇಳದಲ್ಲಿ ಗಿಟಾರಿತ್ತು. ಹಾಡುವವಳು ನಿಂಗವ್ವ. ಕಿವಿ ಮಂದವಾದ ಮೇಲೆ ಗಿಟಾರಿನ ದನಿ ಕರಗುವ ಕೊನೆಯ ಎಳೆ ಹಿಡಿದೇ ಅವಳು ಪದ ಎತ್ತುವಳು. ಒಂದು ದಿನ ಗಿಟಾರಿನ ಹಳೆಯ ಆಂಪ್ಲಿಫೈಯರ್, ಗಾಜಿನ ವಾಲ್ವ್ ಇದ್ದ ಆಂಪ್, ಸುಟ್ಟುಹೋಯಿತು. ಅಂಥ ವಾಲ್ವ್ ಎಲ್ಲಿಯೂ ಸಿಗಲಿಲ್ಲ. ಮೂರು ಸೋಮವಾರ ನಿಂಗವ್ವ ಪದ ತಪ್ಪಿದಳು. ನಾಲ್ಕನೆಯದಕ್ಕೆ ತಾಳ ಕೆಳಗಿಟ್ಟು, ಇನ್ನು ಹಾಡುವುದಿಲ್ಲ ಎಂದಳು.

“ಶ್ರಾವಣದ ಮೊದಲ ಸೋಮವಾರ ನೀ ಹಾಡ್ತಿ, ತಂಗಿ,” ಅಂದನಂತೆ ಮೌನೇಶಪ್ಪ.

ಆಗ ಡಿಜಿಟಲ್ ಮಾಡೆಲರ್ ಎಂಬ ಪುಟ್ಟ ಪೆಟ್ಟಿಗೆಗಳು ಬಂದಿದ್ದವು. ನೂರು ಹಳೆಯ ಆಂಪುಗಳ ದನಿ ಒಂದರೊಳಗೇ. ಸುತ್ತಲಿನ ಮೇಳದವರಿಂದ ಮೂರು ಕಂಪನಿಯ ಮೂರು ಪೆಟ್ಟಿಗೆ ತಂದ. ಆಂಪಿನ ಒಂದೊಂದು ಬಿಡಿಭಾಗವನ್ನೂ ಲೆಕ್ಕಕಟ್ಟಿ ಮಾಡಿದೆವು ಎಂದಿತು ಒಂದು ಕಂಪನಿ. ನಿಜವಾದ ಆಂಪಿನ ದನಿಯನ್ನೇ ಅಚ್ಚು ತೆಗೆದೆವು ಎಂದಿತು ಇನ್ನೊಂದು. ಮೂರನೆಯದು, ನಮ್ಮಲ್ಲಿ ದನಿಗಳೇ ಹೆಚ್ಚು ಎಂದಿತು.

ಹಳೆಯ ಆಂಪಿನ ಮೇಲಿನ ಭಕ್ತಿಗೆ ಮೌನೇಶಪ್ಪ ಮೂರನ್ನೂ ಅದರ ಸ್ಪೀಕರಿಗೇ ಜೋಡಿಸಿದ. ಮೂರೂ ಒಂದೇ ಥರ ಮಂಕು.

“ಏನ್ರೀ ಅಣ್ಣಾರ, ಗಿಟಾರಿಗೆ ನೆಗಡಿ ಆಗೇತೇನು? ಕಂಬಳಿ ಹೊದ್ದು ಕುಂತಂಗೈತಿ,” ಎಂದಳು ನಿಂಗವ್ವ. ನಕ್ಕಳು, ಆದರೆ ತಾಳ ಮುಟ್ಟಲಿಲ್ಲ.

ಹನ್ನೊಂದು ದಿನ ಹೀಗೇ ಹೋಯಿತು. ಅವನು ಬಿಡಲಿಲ್ಲ. ಮೂರೂ ಕಂಪನಿಗೆ ಪತ್ರ ಬರೆದ. ಅಚ್ಚಿನ ಕಂಪನಿ ಉತ್ತರವನ್ನೇ ಕೊಡಲಿಲ್ಲ. ಹೆಚ್ಚು ದನಿಯ ಕಂಪನಿ ಬಣ್ಣದ ಪುಸ್ತಕ ಕಳಿಸಿತು. ಲೆಕ್ಕದ ಕಂಪನಿಯವರು ಮಾತ್ರ, ಯಾವ ಸ್ಪೀಕರಿಗೆ ಜೋಡಿಸಿದಿರಿ ಎಂದು ಒಂದೇ ಸಾಲು ಕೇಳಿದರು. ಓದಿದವನೇ ಮೌನೇಶಪ್ಪ ಹಣೆ ಬಡಿದುಕೊಂಡ. ಪೆಟ್ಟಿಗೆಯೊಳಗೆ ಹಳೆಯ ಆಂಪಿನ ಸ್ಪೀಕರಿನ ದನಿಯೂ ಸೇರಿಯೇ ಇತ್ತು. ಎರೆದ ಗಂಟೆಯ ಮೇಲೆ ಮತ್ತೆ ಕಂಚು ಎರೆದಂತಾಗಿತ್ತು.

ಮೂರನ್ನೂ ತನ್ನ ಬಣ್ಣ ಬೆರೆಸದ, ಭಜನೆಯ ಸಾದಾ ಸ್ಪೀಕರಿಗೆ ಬದಲಿಸಿದ. ದೀಪ ಹಚ್ಚಿದ. ಗಂಟೆ ಪರೀಕ್ಷಿಸುವವರು ಹೊಡೆತ ಕೇಳುವುದಿಲ್ಲ, ದನಿ ಕರಗುತ್ತ ಉಳಿಯುವ ಬಾಲ ಕೇಳುತ್ತಾರೆ. ಪೆಟ್ಟಿಗೆಗಳಿಗೆ ಬೆನ್ನು ಮಾಡಿ ಕೂತು, ಒಂದೇ ತಂತಿಯನ್ನು ಮೂರರಲ್ಲೂ ಮೀಟಿಸಿದ. ಜೋರಾಗಿ ಒಮ್ಮೆ, ಮೆತ್ತಗೆ ಒಮ್ಮೆ. ಹೆಚ್ಚು ದನಿಯದು ಬೇಗ ಸತ್ತಿತು. ಲೆಕ್ಕದ್ದು ಚಂದ ನಡೆದು, ಕೊನೆಗೆ ಚೂರು ನಡುಗಿತು. ಅಚ್ಚಿನದು ಬೆರಳಿನ ಮೀಟು ಮೆತ್ತಗಾದಂತೆ ತಾನೂ ಸಣ್ಣದಾಗಿ, ಎಳೆಯಾಗಿ, ಎಲ್ಲಿ ನಿಂತಿತೋ ತಿಳಿಯದಂತೆ ಕರಗಿತು.

ಉತ್ತರ ಕೊಟ್ಟವರದ್ದನ್ನೇ ಆರಿಸೋದಲ್ಲವೇ ಧರ್ಮ ಎಂದು ಹಿರಿಯರು ಕೇಳಿದರಂತೆ.

“ಅವರ ಉಪಕಾರಕ್ಕ ಕೈ ಮುಗೀತೀನಿ. ಕಿವಿ ಮಾತ್ರ ನಿಂಗವ್ವಂದು,” ಅಂದನಂತೆ.

ಶ್ರಾವಣದ ಮೊದಲ ಸೋಮವಾರ ಅಚ್ಚಿನ ಪೆಟ್ಟಿಗೆಯಲ್ಲಿ ತಂತಿ ಮೀಟಿದರು. ದನಿ ಇಳಿಯಿತು, ಇನ್ನೂ ಇಳಿಯಿತು. ನಿಂಗವ್ವ ಕತ್ತು ವಾಲಿಸಿ, ಆ ಕೊನೆಯ ಎಳೆಯಿಂದಲೇ ಪದ ಎತ್ತಿದಳು.

ಇಂದಿಗೂ ಆ ಸೀಮೆಯಲ್ಲಿ ಹೊಸ ಪೆಟ್ಟಿಗೆ ತಂದರೆ ಮೊದಲು ಒಂದೇ ತಂತಿ ಮೀಟುತ್ತಾರೆ. ಕಂಪನಿಯ ಹೆಸರು ಯಾರೂ ಎತ್ತುವುದಿಲ್ಲ. ದನಿ ಪೂರ್ತಿ ಕರಗುವತನಕ ಮಕ್ಕಳಿಗೂ ಕೆಮ್ಮಗೊಡುವುದಿಲ್ಲ. ಆಮೇಲೆ ಮನೆಯ ಹೆಣ್ಣುಮಗಳೊಬ್ಬಳನ್ನು ಕರೆದು, “ಕೊನೀ ಎಳೆ ಕಿವಿಗೆ ಹತ್ತಿತೇನವ್ವಾ?” ಎಂದು ಕೇಳುತ್ತಾರೆ.