ಗುಟುರಪ್ಪ ತೆಗೆಸಿದ ತಲೆಗಳು

ಒಂದು ಕಾಡು. ಕಾಡಿಗೆಲ್ಲ ಒಂದೇ ಒಂದು ಕೆರೆ. ಜಗಳಕ್ಕೆ ಇಷ್ಟು ಸಾಕಲ್ಲವೇ ಮಕ್ಕಳೇ? ಕೆರೆಯ ದಂಡೆಯಲ್ಲಿ ಕಾಡೆಮ್ಮೆಗಳಿದ್ದವು, ಎದುರಿನ ಗುಡ್ಡದ ಪೊದೆಗಳಲ್ಲಿ ಕಡವೆಗಳಿದ್ದವು. "ಈ ಕೆರೆ ನಮ್ಮಜ್ಜನ ಕಾಲದಿಂದ ನಮ್ಮದು" ಎನ್ನುತ್ತಿದ್ದವು ಕಾಡೆಮ್ಮೆಗಳು. "ನಮ್ಮಜ್ಜನ ಕಾಲದಿಂದ ನಮ್ಮದು" ಎನ್ನುತ್ತಿದ್ದವು ಕಡವೆಗಳು. ಇಬ್ಬರ ಅಜ್ಜಂದಿರೂ ಅಲ್ಲೇ ನೀರು ಕುಡಿದು ಹೋದವರು. ಪಾಪ, ಜಗಳವಾಡುವಷ್ಟು ಬುದ್ಧಿ ಅವರಿಗಿರಲಿಲ್ಲ.

ಮೈಬಲ ಹೆಚ್ಚಿದ್ದ ಕಾಡೆಮ್ಮೆಗಳು ಕಡವೆಗಳನ್ನು ನೀರಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಕಡವೆಗಳು ಮುಸ್ಸಂಜೆಗೆ ಗುಂಪಾಗಿ ನುಗ್ಗಿ, ಏನೂ ಅರಿಯದ ಎಳೆಗರುಗಳನ್ನು ತಿವಿದು ಓಡುತ್ತಿದ್ದವು. ಎರಡು ಕಡೆಯೂ ಅಳುವ ತಾಯಂದಿರಿಗೆ ಮಾತ್ರ ಕೊರತೆಯಿರಲಿಲ್ಲ.

ಕಾಡೆಮ್ಮೆಗಳ ದೊರೆ ಗುಟುರಪ್ಪ. ಅವನ ಕೊಂಬು ದೊಡ್ಡದು, ಗುಟುರು ಇನ್ನೂ ದೊಡ್ಡದು, ಬುದ್ಧಿಯ ವಿಷಯ ಆಮೇಲೆ ನೀವೇ ಹೇಳಿ. "ಅವರ ನಾಯಕನ ತಲೆ ತೆಗೆದರೆ ಜಗಳವೇ ಮುಗೀತು!" ಎಂದು ಅವನು ನಂಬಿದ್ದ. ಆ ಕೆಲಸಕ್ಕೆ ಚುಕ್ಕಪ್ಪ ಎಂಬ ಚಿರತೆಯನ್ನು ಇಟ್ಟುಕೊಂಡಿದ್ದ. ಹೆಸರು ದೊರೆಗೆ, ಊಟ ಚುಕ್ಕಪ್ಪನಿಗೆ.

ಮೊದಲು ಹೋದವನು ಕಡವೆಗಳ ನಾಯಕ ಚೂಪಣ್ಣ. ಅವನೇನು ಸಾಧುವಲ್ಲ, ನೀಲಕ್ಕ ಎಂಬ ಕಾಡೆಮ್ಮೆಯ ಚೊಚ್ಚಲ ಕರುವನ್ನು ತಿವಿದು ಕೊಂದವನು. ಅವನು ಸತ್ತ ದಿನ ನೀಲಕ್ಕ ಬಾಲ ಎತ್ತಿ ಕುಣಿದಳು. ನಿಜ ಹೇಳಬೇಕೆಂದರೆ, ಸ್ವಲ್ಪ ದಿನ ಕೆರೆಯ ಕಡೆ ಒಂದು ಕಡವೆಯೂ ತಲೆ ಹಾಕಲಿಲ್ಲ. "ನಾನು ಹೇಳಲಿಲ್ಲವಾ?" ಎಂದು ಗುಟುರಪ್ಪ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳಿದ.

ಆಮೇಲೆ ಬಂದವನು ಚೂಪಣ್ಣನ ತಮ್ಮ ಮೊನೆಯಪ್ಪ. ಅಣ್ಣ ಯಾವಾಗಲೋ ಒಮ್ಮೆ ನುಗ್ಗುತ್ತಿದ್ದ, ತಮ್ಮ ದಿನಾ ನುಗ್ಗಿದ. ಒಂದು ಸಂಜೆ ನೀಲಕ್ಕನ ಎರಡನೆಯ ಕರು ಚೆಂಡುವನ್ನು ಅಟ್ಟಿಸಿಕೊಂಡು ಹೋಗಿ ಗುಡ್ಡದಲ್ಲಿ ಕೂಡಿಹಾಕಿದ. ಗುಟುರಪ್ಪನಿಗೆ ಗೊತ್ತಿದ್ದ ಮದ್ದು ಒಂದೇ. ಮೊನೆಯಪ್ಪನ ತಲೆಯನ್ನೂ ತೆಗೆಸಿದ.

"ದೊರೆ, ನನ್ನ ಮಗ?" ನೀಲಕ್ಕ ಕೇಳಿದಳು.

"ನಾಯಕನೇ ಹೋದ ಮೇಲೆ ನಿನ್ನ ಮಗ ತಾನಾಗಿಯೇ ಬರ್ತಾನೆ, ಸುಮ್ನಿರವ್ವ."

ಬರಲಿಲ್ಲ. ಬಂದವನು ಹೊಸ ನಾಯಕ, ಮುದುಕ ಕವಲಯ್ಯ. ಪ್ರಾಯದಲ್ಲಿ ಅವನೂ ತಿವಿದವನೇ. ಈಗ ಮೊಮ್ಮಕ್ಕಳು ಬಾಯಾರಿ ಸಾಯುವುದನ್ನು ನೋಡಿ ನೋಡಿ ಸಾಕಾಗಿದ್ದ. ಅವನು ಒಮ್ಮೆ ಕೆಮ್ಮಿದರೆ ಇಡೀ ಗುಡ್ಡ ಬಾಯಿ ಮುಚ್ಚುತ್ತಿತ್ತು.

"ದೊರೆ, ಬೆಳಗಿನ ಹೊತ್ತು ನಮಗೆ ನೀರು ಬಿಡಿ. ನಮ್ಮವರು ನಿಮ್ಮ ಕರುಗಳ ತಂಟೆಗೆ ಬರದ ಹಾಗೆ ನಾನು ನೋಡ್ಕೋತೀನಿ" ಎಂದ ಕವಲಯ್ಯ. ನೀಲಕ್ಕನ ಕಡೆ ತಿರುಗಿ, "ತಾಯೀ, ನಾಳೆ ನಿನ್ನ ಮಗನನ್ನ ನಾನೇ ಕರ್ಕೊಂಡು ಬರ್ತೀನಿ" ಎಂದ.

"ಆಗಲಿ, ಮಾತು ಕೊಟ್ಟೆ" ಎಂದ ಗುಟುರಪ್ಪ.

ನೀಲಕ್ಕ ಖುಷಿಯಿಂದ ಅತ್ತೇಬಿಟ್ಟಳು. ಎಳೆ ಗರಿಕೆ ಇದ್ದ ಜಾಗ ಹುಡುಕಿ, ಬೇರೆ ಯಾರೂ ಮೇಯದಂತೆ ಮಗನಿಗಾಗಿ ಕಾವಲು ನಿಂತಳು. ಗುಟುರಪ್ಪನಿಗೂ ಖುಷಿಯೋ ಖುಷಿ. "ಚುಕ್ಕಪ್ಪಾ, ನಾಳೆ ಅವನೇ ಬಯಲಿಗೆ ಬರ್ತಾನಂತೆ! ಇಷ್ಟು ಸಲೀಸಾಗಿ ಯಾವ ನಾಯಕ ಸಿಕ್ಕಿದ್ದ?"

ಚಿರತೆಗೇ ನಾಚಿಕೆಯಾಯಿತು. "ಮಾತು ಕೊಟ್ಟಿದ್ದೀರಲ್ಲ ದೊರೆ?"

"ಕೊಟ್ಟದ್ದು ಅವನಿಗೆ ತಾನೇ? ಅವನೇ ಇಲ್ಲದ ಮೇಲೆ ಯಾರಿಗೆ ಕೊಟ್ಟ ಹಾಗಾಯ್ತು?"

ಆಹಾ, ಎಂಥ ತರ್ಕ! ಚುಕ್ಕಪ್ಪ ಮರ ಹತ್ತಿದ.

ಬೆಳಿಗ್ಗೆ ಕವಲಯ್ಯ ಮುಂದೆ ಬಂದ. ಹಿಂದೆ, ಇಳಿಜಾರಿನಲ್ಲಿ, ಎರಡು ಎಳೆ ಕಡವೆಗಳ ನಡುವೆ ಚೆಂಡು ಬರುತ್ತಿದ್ದ. ಬಡಕಲಾಗಿದ್ದ, ಆದರೆ ಕುಣಿಯುತ್ತಿದ್ದ. "ಅಮ್ಮಾ!" ಎಂದು ಕೂಗಿದ. ನೀಲಕ್ಕ ಓಡಿದಳು. ಅಷ್ಟರಲ್ಲಿ ಚುಕ್ಕಪ್ಪ ಮರದಿಂದ ಜಿಗಿದು ಕವಲಯ್ಯನ ಕುತ್ತಿಗೆ ಹಿಡಿದ. ಎಳೆ ಕಡವೆಗಳು, "ಮೋಸ! ಮೋಸ!" ಎಂದು ಚೀರುತ್ತ ಕರುವನ್ನು ಕೊಂಬಿನಿಂದ ತಳ್ಳಿಕೊಂಡು ಗುಡ್ಡ ಹತ್ತಿದವು. ನೀಲಕ್ಕನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇತ್ತ ಕೆರೆದಂಡೆಯಲ್ಲಿ ಭರ್ಜರಿ ಹಬ್ಬ. ನೀಲಕ್ಕ ಮಾತ್ರ ಒಬ್ಬಳೇ ಗುಡ್ಡ ಹತ್ತಿದಳು. ಮೊದಲ ಪೊದೆಯ ಮುಂದೆ ಒಬ್ಬ ಕಡವೆ ಹುಡುಗ, "ನಾನೇ ನಾಯಕ. ಕರು ಕರ್ಕೊಂಡು ಹೋಗು" ಎಂದ. ಅವಳು ಕೈಮುಗಿಯುವಷ್ಟರಲ್ಲಿ ಎರಡನೆಯ ಪೊದೆಯವನು, "ಅವನ್ಯಾರು ಹೇಳೋಕೆ? ನಾಯಕ ನಾನು, ಕೊಡಲ್ಲ" ಎಂದ. ಮೂರನೆಯವನು, "ಅವರಿಬ್ಬರೂ ಹೇಡಿಗಳು. ಕರು ಎಲ್ಲಿದೆ ಅಂತ ಬಾಯಿ ಬಿಟ್ಟವರನ್ನ ನಾನು ಸುಮ್ನೆ ಬಿಡಲ್ಲ" ಎಂದ. ಅವರವರಲ್ಲೇ ತಿವಿದಾಟ ಶುರುವಾಯಿತು. ನೀಲಕ್ಕ ಬರಿಗೈಯಲ್ಲಿ ಇಳಿದಳು.

ಅಂದಿನಿಂದ ಕಡವೆಗಳು ಹೊತ್ತಿಲ್ಲ ಗೊತ್ತಿಲ್ಲ, ದಿಕ್ಕುದಿಕ್ಕಿನಿಂದ ನುಗ್ಗತೊಡಗಿದವು. ಒಬ್ಬನನ್ನು ಓಡಿಸಿದರೆ ಇನ್ನೊಬ್ಬ ಹಾಜರು. ಕೊನೆಗೆ ಗುಟುರಪ್ಪನಿಗೇ ಸುಸ್ತಾಯಿತು. ಗುಡ್ಡದ ಬುಡದಲ್ಲಿ ನಿಂತು, "ರಾಜಿ ಮಾಡ್ಕೊಳ್ಳೋಣ! ನಿಮ್ಮ ನಾಯಕ ಯಾರು? ಬರಲಿ!" ಎಂದು ಗುಟುರು ಹಾಕಿದ. ಯಾರೂ ಬರಲಿಲ್ಲ.

"ರಾಜಿ ಮಾಡೋಕೆ ಎದುರಿಗೆ ಒಂದು ತಲೆ ಬೇಕು ದೊರೆ" ಎಂದಳು ನೀಲಕ್ಕ. "ಇದ್ದ ತಲೆಯನ್ನೆಲ್ಲ ನೀವೇ ತೆಗೆಸಿದಿರಿ. ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ ಯಾರಾದರೂ?"

ಗುಟುರಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಯೋಚಿಸಿ ಅಭ್ಯಾಸವಿರಲಿಲ್ಲ, ತಲೆನೋವು ಬಂತು. "ಚುಕ್ಕಪ್ಪಾ! ಹೋಗಿ ಅವರಲ್ಲಿ ಒಬ್ಬ ಒಳ್ಳೆಯ ನಾಯಕನನ್ನ ಹುಡುಕ್ಕೊಂಡು ಬಾ!"

"ಹುಡುಕ್ತೀನಿ ದೊರೆ" ಎಂದು ಚುಕ್ಕಪ್ಪ ಮೀಸೆ ನೆಕ್ಕಿದ. "ಆದರೆ ನನ್ನನ್ನ ನೋಡಿ 'ನಾನೇ ನಾಯಕ' ಅಂತ ಯಾರು ತಾನೇ ಮುಂದೆ ಬರ್ತಾರೆ?"

ನೀಲಕ್ಕ ಅವರಿಬ್ಬರ ಮಾತು ಕೇಳುತ್ತಿರಲಿಲ್ಲ. ಗುಡ್ಡದ ಕಡೆ ಮುಖ ಮಾಡಿ, "ಚೆಂಡೂ!" ಎಂದು ಕೂಗಿದಳು. ಎಲ್ಲಿಂದಲೋ, "ಅಮ್ಮಾ!" ಎಂದಿತು ಕರು. ಯಾವ ಪೊದೆಯಿಂದ ಎಂದು ತಿಳಿಯಲಿಲ್ಲ. ಕೇಳೋಣವೆಂದರೆ ಹೇಳುವವರು ಯಾರೂ ಉಳಿದಿರಲಿಲ್ಲ.

ನೀತಿ: ವೈರಿಯ ನಾಯಕನನ್ನು ಕೊಂದರೆ ವೈರ ಸಾಯುವುದಿಲ್ಲ, ರಾಜಿಗೆ ಬಂದವನನ್ನು ಕೊಂದರೆ ರಾಜಿಯೇ ಸಾಯುತ್ತದೆ.