ಲಾರಿಗೆ ಸೇರಿಸಿದ ಪಟ್ಟಿಗಳು

“ಬುದ್ಧೀ, ಗಟ್ಟಿಯಾದ ಮನಸ್ಸಿಗೆ ಸಣ್ಣ ಮಾತು ಯಾಕೆ ಇಷ್ಟು ಕುಕ್ಕುತ್ತದೆ?”

ಶಿಷ್ಯ ಮರುಳಸಿದ್ಧ ಗುರುಗಳನ್ನು ಹೀಗೆ ಕೇಳಿದಾಗ ಅವನ ಬಟ್ಟೆಯ ಗಂಟು ಬಾಗಿಲ ಬಳಿ ಸಿದ್ಧವಾಗಿತ್ತು. ವರ್ಷಗಟ್ಟಲೆ ಗುಡ್ಡದ ಗವಿಯಲ್ಲಿ ಒಬ್ಬನೇ ಕುಳಿತು ಸಾಧನೆ ಮಾಡಿದವನು ಅವನು. ಚಳಿಗೆ ಹೆದರಿರಲಿಲ್ಲ, ಹಸಿವಿಗೆ ಸೋತಿರಲಿಲ್ಲ. ಮಠದ ಮಕ್ಕಳ ಊಟ, ಓದು, ಜ್ವರ, ಜಗಳ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಹಿರಿಯರು ಹಾಸಿಗೆ ಹಿಡಿದರೆಂದು ಗುರುಗಳು ಅವನನ್ನು ಕೆಳಗೆ ಕರೆಸಿದ್ದರು. ಬಂದು ವಾರವಾಗಿರಲಿಲ್ಲ, ಅಡುಗೆಯವನು “ಸ್ವಲ್ಪ ಆ ಕಡೆ ಕೂತ್ಕೊಳ್ಳಿ ಸ್ವಾಮಿ, ದಾರಿಗೆ ಅಡ್ಡ” ಎಂದುಬಿಟ್ಟ. ಅಷ್ಟಕ್ಕೇ ಇವನಿಗೆ ಆ ದಿನವೆಲ್ಲ ಅನ್ನ ಸೇರಲಿಲ್ಲ. ಮಾಡಿದ ಸಾಧನೆಯೆಲ್ಲ ಮಣ್ಣುಪಾಲಾಯಿತೆಂದು ಕೊರಗಿದ. ಮಕ್ಕಳ ಹೊಣೆಯನ್ನು ಅವನಿನ್ನೂ ಒಪ್ಪಿಕೊಂಡಿರಲಿಲ್ಲ.

“ನಾನು ಇನ್ನಷ್ಟು ಗಟ್ಟಿಯಾಗಬೇಕು. ಗವಿಗೇ ಹೋಗುತ್ತೇನೆ, ಅಪ್ಪಣೆ ಕೊಡಿ,” ಎಂದ.

“ಹೋಗುವೆಯಂತೆ, ನಿನ್ನ ಕಾಲನ್ನೇನು ನಾನು ಕಟ್ಟಿಹಾಕಿಲ್ಲ. ಒಂದು ಲಾರಿಯ ಕತೆಯಿದೆ, ಕೇಳಿಕೊಂಡು ಹೋಗು,” ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಲಾರಿಯವನಿದ್ದ. ಮಿಲಿಟರಿಯವರು ಇನ್ನು ಸಾಕೆಂದು ಹರಾಜಿಗೆ ಹಾಕಿದ ಹಳೆಯ ಲಾರಿ ಅವನದು. ಅದರ ಬಣ್ಣ ಹೋಗಿತ್ತು, ಹಾರ್ನು ಕೂಗುತ್ತಿರಲಿಲ್ಲ. ಆದರೆ ಗುಡ್ಡ ಹತ್ತುವುದರಲ್ಲಿ ಅದಕ್ಕೆ ಸಮನಾದ ಗಾಡಿ ಸುತ್ತಮುತ್ತ ಎಲ್ಲೂ ಇರಲಿಲ್ಲ. ಅವನಿಗೆ ಅದೆಂದರೆ ಪ್ರಾಣ.

ಊರಿನ ಮೇಲುಗಡೆ ಒಂದು ಕೆರೆ. ಅದರ ಏರಿ ಒಂದು ಕಡೆ ಸವೆದು ತೆಳ್ಳಗಾಗಿತ್ತು. ಏರಿಯ ಕೆಳಗೇ ಮನೆಗಳು, ಲಾರಿಯವನ ಮನೆಯೂ ಅಲ್ಲೇ. ಮಳೆಗಾಲಕ್ಕೆ ಮುಂಚೆ ಗುಡ್ಡದಿಂದ ಕಲ್ಲು ತಂದು ಏರಿಗೆ ಕಟ್ಟದಿದ್ದರೆ ಇಡೀ ಕೇರಿ ಕೊಚ್ಚಿಹೋಗುವುದು ಖಂಡಿತ. ಕಲ್ಲು ಇದ್ದ ಜಾಗಕ್ಕೆ ಅವನ ಲಾರಿಯೊಂದೇ ಹತ್ತುತ್ತಿತ್ತು. ಅಂಥ ಹೊತ್ತಿನಲ್ಲೇ, ಕಲ್ಲು ಹೇರಿಕೊಂಡು ಇಳಿಯುವಾಗ, ಹಿಂದಿನ ಕಮಾನು ಪಟ್ಟಿ ಫಟ್ಟೆಂದು ಮುರಿಯಿತು. ಕಮಾನು ಪಟ್ಟಿ ನೋಡಿರುತ್ತೀಯಲ್ಲ, ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಕಟ್ಟಿ ಗಾಲಿಯ ಅಚ್ಚಿನ ಮೇಲೆ ಕೂರಿಸಿರುತ್ತಾರೆ. ಗಾಡಿ ಹೊರುವ ಭಾರವೆಲ್ಲ ಅದರ ಮೇಲೆಯೇ.

ಲಾರಿಯವನು ಮಹಾ ಹಠಮಾರಿ. “ಇದು ಇನ್ನೊಂದು ಸಲ ಮುರಿದರೆ ನನ್ನ ಹೆಸರು ಬದಲಾಯಿಸಿ” ಎಂದು ಲಾರಿಯ ಕೆಳಗೆ ನುಗ್ಗಿದ. ಮುರಿದ ಪಟ್ಟಿಗೆ ಬೆಸುಗೆ ಹಾಕಿಸಲಿಲ್ಲ. ಬೆಸೆದದ್ದು ಅಲ್ಲೇ ಮತ್ತೆ ಮುರಿಯುತ್ತದೆಂದು ಅವನಿಗೆ ಗೊತ್ತಿತ್ತು. ಗುಜರಿಯಲ್ಲಿ ತಡಕಾಡಿ, ಅಂಥದೇ ಇನ್ನೊಂದು ಲಾರಿಯ ಪಟ್ಟಿಗಳನ್ನು ಹೊತ್ತು ತಂದ. ಮುರಿದದ್ದನ್ನು ತೆಗೆದು ಬೇರೆಯದು ಕೂರಿಸಿದ. ಅಷ್ಟಕ್ಕೇ ಬಿಡದೆ ಎರಡೂ ಕಡೆ ಪಟ್ಟಿಗಳನ್ನು ಹೆಚ್ಚಿಗೆ ಸೇರಿಸಿ, ನಡುವೆ ಗ್ರೀಸು ಸವರಿ ಕಟ್ಟಿದ. ಸವೆದ ಬೋಲ್ಟು ಬಿಸಾಡಿ ದಪ್ಪನೆಯವನ್ನು ಹಾಕಿದ. ಪಟ್ಟಿಯ ತುದಿ ಸೇರುವ ಜಾಗದಲ್ಲಿ ಲಾರಿಯ ಮೈ ಹೊರುವ ಚಾಸಿ ಬಿರುಕು ಬಿಟ್ಟಿತ್ತು, ಅಲ್ಲಿಗೆ ಕಬ್ಬಿಣದ ಹಲಗೆ ಒತ್ತಿಟ್ಟು ಬಿಗಿದ. ಹೆಂಡತಿ ಊಟ ತಂದರೆ ಲಾರಿಯ ಕೆಳಗಿನಿಂದ ಒಂದು ಕೈ ಮಾತ್ರ ಹೊರಗೆ ಬರುತ್ತಿತ್ತು.

ಕೊನೆಗೂ ಕೆಲಸ ಮುಗಿಯಿತು. ಲಾರಿ ಮೊದಲಿಗಿಂತ ಎತ್ತರವಾಗಿ ನಿಂತಿತ್ತು. ಖುಷಿ ತಡೆಯಲಾರದೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟ. ಅಯ್ಯೋ, ಆ ಪಾಡು ಯಾರಿಗೂ ಬೇಡ! ಬೆರಳುದ್ದದ ಕಲ್ಲು ಸಿಕ್ಕಿದರೂ ಲಾರಿ ಎಗರಿ ಬೀಳುತ್ತಿತ್ತು. ಅವನ ತಲೆ ಮೇಲಿನ ತಗಡಿಗೆ ಬಡಿಯಿತು. ಅವಳ ಸೊಂಟ ಹಿಡಿದುಕೊಂಡಿತು.

“ನಿಲ್ಲಿಸಿ, ನಾನು ಇಳೀತೀನಿ! ನೀವು ರಿಪೇರಿ ಮಾಡಿದಿರೋ, ಇದ್ದ ಗಾಡೀನೂ ಹಾಳು ಮಾಡಿದಿರೋ?”

“ಪಟ್ಟಿ ಮುರಿದ ದಿನವೂ ಇಷ್ಟು ಕುಕ್ಕಿರಲಿಲ್ಲ ಕಣೇ,” ಎಂದ ಅವನು.

ಕೇರಿಯವರು ನೋಡಿ ನಕ್ಕರು. ಅವನು ಯಾರಿಗೂ ಮುಖ ಕೊಡದೆ ಮನೆಯ ಮುಂದೆ ಲಾರಿ ನಿಲ್ಲಿಸಿ ಜಾಕು ಹಚ್ಚಿದ. ಸೇರಿಸಿದ ಪಟ್ಟಿಗಳನ್ನೆಲ್ಲ ಕಿತ್ತೆಸೆಯಬೇಕೆಂದು ಒಂದು ನಟ್ಟನ್ನು ಸಡಿಲಿಸಿಯೂ ಆಗಿತ್ತು. ಅಷ್ಟರಲ್ಲಿ ಏರಿಯ ಕಡೆಯಿಂದ ಕೂಗು ಕೇಳಿಸಿತು. ಮೇಲಿನ ಊರುಗಳಲ್ಲಿ ಮಳೆ ಬಿದ್ದು ಕೆರೆಗೆ ನೀರು ನುಗ್ಗುತ್ತಿತ್ತು. ತೆಳ್ಳಗಾದ ಕಡೆ ಏರಿ ಒಸರತೊಡಗಿತ್ತು.

ಪಟ್ಟಿ ಕೀಳುತ್ತ ಕೂರುವ ಹೊತ್ತೇ ಅದು? ಸಡಿಲಿಸಿದ ನಟ್ಟನ್ನು ಮತ್ತೆ ಬಿಗಿದ. ಕುಕ್ಕಿದರೆ ಕುಕ್ಕಲಿ, ಮುರಿದರೆ ನನ್ನ ಸೊಂಟ ತಾನೆ ಮುರಿಯುವುದು ಅಂದುಕೊಂಡು ಗುಡ್ಡ ಹತ್ತಿದ. ದಾರಿಯುದ್ದಕ್ಕೂ ಪೆಟ್ಟು ತಿಂದ. ಮೇಲೆ ಆಳುಗಳು ಲಾರಿಯ ತುಂಬ ಕಲ್ಲು ಹೇರಿದರು. ಒಂದೊಂದು ಕಲ್ಲು ಬಿದ್ದಾಗಲೂ ಅವನ ಎದೆ ಧಸಕ್ಕೆನ್ನುತ್ತಿತ್ತು. ಖಾಲಿಯಿದ್ದಾಗಲೇ ಈ ಪಾಡು, ಇನ್ನು ತುಂಬಿದ ಮೇಲೆ ಗತಿ ಏನಪ್ಪಾ ಎಂದು ಹಲ್ಲು ಕಚ್ಚಿ ಇಳಿಜಾರಿಗೆ ಬಿಟ್ಟ.

ಮೊದಲ ಗುಂಡಿ ಬಂತು. ಪಟ್ಟಿಗಳು ಮೆತ್ತಗೆ ಬಾಗಿದವು, ಮೆತ್ತಗೆ ಎದ್ದವು. ಅವನ ತಲೆ ತಗಡಿಗೆ ತಾಗಲಿಲ್ಲ. ಎರಡನೆಯ ಗುಂಡಿಯೂ ಹಾಗೆಯೇ ದಾಟಿತು. ರಸ್ತೆ ಅದೇ, ಗುಂಡಿಗಳು ಅವೇ, ಪಟ್ಟಿಗಳೂ ಅವೇ. ಲಾರಿ ಮಾತ್ರ ತೊಟ್ಟಿಲು ತೂಗಿದಂತೆ ತೂಗುತ್ತ ಇಳಿಯಿತು. “ಎಲಾ ಇದರ!” ಎಂದು ಅವನು ಒಬ್ಬನೇ ನಕ್ಕ.

ಕತ್ತಲಾಗುವವರೆಗೂ ಅವನು ಕಲ್ಲು ತಂದು ಸುರಿದ, ಊರವರು ಏರಿಗೆ ಒತ್ತಿದರು. ಒಂದು ಪಟ್ಟಿಯೂ ಮುರಿಯಲಿಲ್ಲ. ಕೆರೆ ತುಂಬಿತು, ಏರಿ ನಿಂತಿತು. ಮಾರನೆಯ ಬೆಳಗ್ಗೆ ಕೇರಿಯ ಎಲ್ಲ ಮನೆಗಳಲ್ಲೂ ಒಲೆ ಹೊತ್ತಿತು.

ಅಲ್ಲಿಂದಾಚೆಗೆ ಅವನು ಆ ಲಾರಿಯನ್ನು ಖಾಲಿ ಓಡಿಸಿದ್ದೇ ಇಲ್ಲ. ಹೊರೆ ಇಳಿಸಿ ಬರುವಾಗ ಸೌದೆ ಹೊತ್ತ ಮುದುಕಿಯರು, ಸಂತೆಯಿಂದ ಮರಳುವವರು, ಯಾರು ಕೈ ಅಡ್ಡ ಹಿಡಿದರೂ ಹತ್ತಿಸಿಕೊಳ್ಳುತ್ತಿದ್ದ. ಎಷ್ಟು ಒಳ್ಳೆಯವನಪ್ಪಾ ಎಂದು ಜನ ಹೊಗಳಿದರೆ, “ನಿಮಗಾಗಿ ಅಲ್ರಪ್ಪಾ, ನನ್ನ ಸೊಂಟ ಉಳಿಸಿಕೊಳ್ಳೋದಕ್ಕೆ” ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಮಕ್ಕಳು ತಟ್ಟೆ ಹಿಡಿದು ಊಟಕ್ಕೆ ಸಾಲು ನಿಲ್ಲುತ್ತಿದ್ದರು. ಬಡಿಸಿ ನೋಡಿಕೊಳ್ಳಲು ಅವರ ಮುಂದೆ ಯಾರೂ ನಿಂತಿರಲಿಲ್ಲ.

“ಹಾಗಾದರೆ ನಾನು ಇನ್ನಷ್ಟು ಗಟ್ಟಿಯಾಗುವುದು ಬೇಡವೇ ಬುದ್ಧೀ?” ಎಂದು ಮರುಳಸಿದ್ಧ ಕೇಳಿದ.

“ನಿನಗೆ ಪಟ್ಟಿ ಕಡಿಮೆಯಾಗಿಲ್ಲ ಕಣಪ್ಪಾ, ನಿನ್ನ ಮೇಲೆ ಇನ್ನೂ ಒಂದು ಮಗುವಿನ ಭಾರವೂ ಬಿದ್ದಿಲ್ಲ.”

ಮರುಳಸಿದ್ಧ ಬಾಗಿಲ ಬಳಿಯ ಗಂಟನ್ನು ಒಳಗಿಟ್ಟು, ಅಂಗಳಕ್ಕಿಳಿದು ಮಕ್ಕಳ ಸಾಲಿನ ಮುಂದೆ ನಿಂತ.